ನೆಲದೊಳಗಿಳಿದ ಎಡಗಾಲು

ಅವಳ ಕೆಲಸ ತಪ್ಪು ಹುಡುಕುವುದು. ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಆಟಗಳಲ್ಲಿ ಗೋಡೆ ತೂರಿ ಹೊರಬಂದ ಮೊಣಕೈ, ನೆರಳಿಲ್ಲದ ಮರ, ಗಾಳಿಯಲ್ಲಿ ತೇಲುವ ಕುರ್ಚಿ ಕಂಡರೆ ಅಳೆದು, ದೂರು ಬರೆದು ಕಳಿಸಬೇಕು. ಆಫೀಸಿನಲ್ಲಿ ಅವಳಿಗೆ 'ಹೇನು ಹೆಕ್ಕೋಳು' ಎಂದೇ ಹೆಸರು. ತಪ್ಪು ಹಿಡಿದವರೇ ಅದು ಸರಿಯಾಯಿತೆಂದು ನೋಡಿ ದೂರನ್ನು ಮುಚ್ಚಬೇಕೆಂಬುದು ಅಲ್ಲಿನ ನಿಯಮ.

ಆ ಮಂಗಳವಾರ ಅವಳ ಪರದೆಗೆ ಬಂದದ್ದು ವರ್ಷದ ಹಿಂದೆ ಅವಳೇ ಬರೆದ ದೂರು: 'ರೈಲು ನಿಲ್ದಾಣ. ದೀಪ ಹಚ್ಚುವ ಮುದುಕನ ಎಡಗಾಲು ಪ್ರತಿ ಹೆಜ್ಜೆಗೂ ಮೂರು ಸೆಂಟಿಮೀಟರ್ ನೆಲದೊಳಗೆ ಇಳಿಯುತ್ತದೆ.'

ಆ ಮುದುಕನ ನಡಿಗೆ ಅವಳ ಅಪ್ಪನದು. ಅಪ್ಪ ಅದೇ ಕಂಪನಿಯ ಗೇಟು ಕಾಯುತ್ತಿದ್ದ. ಆಟದ ಗೊಂಬೆಗಳಿಗಾಗಿ ಮನುಷ್ಯರ ಚಲನೆ ಹಿಡಿಯುವ ದಿನ ಗೊತ್ತುಮಾಡಿದ್ದ ನಟ ಕೈಕೊಟ್ಟಾಗ, ಗೇಟಿನಿಂದ ಅವನನ್ನೇ ಕರೆದು, ಮೈಗೆ ಗುಂಡಿಗಳನ್ನು ಅಂಟಿಸಿ ನಡೆಸಿದ್ದರು. ಹೆಜ್ಜೆ ಸದ್ದನ್ನೂ ಅವನ ಬೂಟಿನಲ್ಲೇ ಹಿಡಿದಿದ್ದರು. ಅವನ ಎಡಗಾಲು ಹುಟ್ಟಿನಿಂದಲೇ ಗಿಡ್ಡ.

ದೂರು ಬರೆದ ಸಂಜೆ ಅವಳು ಮನೆಯಲ್ಲಿ ಹೇಳಿದಾಗ ಅಪ್ಪ ಹೊಟ್ಟೆ ಹಿಡಿದು ನಕ್ಕಿದ್ದ. "ಹೆತ್ತಪ್ಪನ ಮೇಲೇ ದೂರಾ? ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಾನೂ ಅದನ್ನೇ ಹೇಳೋದು. ನಿಮ್ಮ ನೆಲವೇ ಡೊಂಕು ಅಂತ ಬರಿ!"

ಅಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಸಣ್ಣ ತಪ್ಪೆಂದು ಮೂಲೆ ಸೇರಿದ್ದ ದೂರು, ಆಡುವವರು ಆ ಕಾಲನ್ನು ಗೇಲಿ ಮಾಡಿ ವಿಡಿಯೊ ಹಾಕಿದ ಮೇಲೆ ಮೇಲೆದ್ದಿತ್ತು.

ತಪ್ಪು ತಿದ್ದಿ ಪರೀಕ್ಷೆಗೆ ಕಳಿಸಿದ್ದ ಪ್ಯಾಚ್ ಹಾಕಿ ನೋಡಿದಳು. ಪಾದ ನೆಲದ ಮೇಲೆ ಸರಿಯಾಗಿ ಊರುತ್ತಿತ್ತು. ಮುದುಕ ನೆಟ್ಟಗೆ ನಡೆಯುತ್ತಿದ್ದ.

ಅವಳು ಎದ್ದು ಚಲನೆ ವಿಭಾಗಕ್ಕೆ ಹೋದಳು. ಅಲ್ಲಿನವನಿಗೆ 'ಕೀಲುಗೊಂಬೆ' ಎಂದು ಅಡ್ಡಹೆಸರು.

"ಕಾಲು ಸರಿಮಾಡಿ ಅಂದ್ರೆ ಕುಂಟೇ ತೆಗೆದಿದೀಯಲ್ಲೋ."

"ಗೊಂಬೆಗೆ ಎರಡೂ ಕಾಲು ಒಂದೇ ಉದ್ದ ಕಣಮ್ಮ. ಸೊಂಟ ಎಡಕ್ಕೆ ಇಳಿದ್ರೆ ಪಾದ ಎಲ್ಲಿಗೆ ಹೋಗ್ಬೇಕು? ನೆಲದೊಳಕ್ಕೇ."

"ಎಡಗಾಲನ್ನೇ ಗಿಡ್ಡ ಮಾಡಿದ್ರೆ?"

"ಮಾಡಬಹುದು. ಎರಡು ವಾರದ ಕೆಲಸ. ಹಿಂದೆ ನಿಂತು ದೀಪ ಹಚ್ಚೋನಿಗೆ ಅಷ್ಟೆಲ್ಲ ಮಾಡಿದ್ರೆ ಮೂಗಿಗಿಂತ ಮೂಗುತಿ ಭಾರ ಅಂತಾರೆ ಮೇಲಿನವರು." ಅವಳ ಮುಖ ನೋಡಿ ದನಿ ತಗ್ಗಿಸಿದ. "ಮುಂದಿನ ಪ್ಯಾಚಲ್ಲಿ ನೋಡೋಣ."

ಮುಂದಿನ ಪ್ಯಾಚ್ ಎಂದರೆ ಎಂದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸರಿಯಾಗಿಲ್ಲ ಎಂದು ಅವಳು ಬರೆಯಬಹುದಿತ್ತು. ಆದರೆ ಅಳತೆ ಸೊನ್ನೆ ತೋರಿಸುತ್ತಿತ್ತು. 'ಸರಿಯಾಗಿದೆ' ಎಂದು ಬರೆದು ದೂರು ಮುಚ್ಚಿದಳು.

ಗುರುವಾರ ಪ್ಯಾಚ್ ಎಲ್ಲರ ಮನೆಗೂ ಹೋಗುವುದಿತ್ತು. ಅಮ್ಮ ದಿನಾ ಸಂಜೆ ಕನ್ಸೋಲ್ ಹಚ್ಚಿ ಆ ನಿಲ್ದಾಣದ ಮುಂದೆ ಕೂರುತ್ತಿದ್ದಳು. ಆಟ ಆಡುತ್ತಿರಲಿಲ್ಲ, ನಡೆಯುವವನನ್ನು ನೋಡುತ್ತಿದ್ದಳು, ಅಷ್ಟೇ. ಪ್ಯಾಚ್ ಇಳಿಯುವ ಮೊದಲೇ ಹೋಗಿ ನೆಟ್‌ ವೈರು ಕೀಳಬೇಕೆಂದು ಅವಳು ಅಂದು ಆಫೀಸಿನಿಂದ ಓಡೋಡಿ ಬಂದಳು.

"ಏನೋ ಹೊಸದು ಬಂದಿದೆ, ಹಾಕ್ಲಾ ಅಂತ ಕೇಳ್ತು" ಎಂದಳು ಅಮ್ಮ. "ನಿಮ್ಮ ಆಫೀಸಿಂದಲ್ವಾ, ಹೂಂ ಅಂದೆ."

ಪರದೆಯ ಮೇಲೆ ಮುದುಕ ನೆಟ್ಟಗೆ ನಡೆದು ದೀಪ ಹಚ್ಚಿದ.

"ಕಾಲು ವಾಸಿಯಾಗಿದೆ ಕಣೆ" ಎಂದಳು ಅಮ್ಮ. ಸ್ವಲ್ಪ ಹೊತ್ತು ನೋಡಿದಳು. "ಇದು ಅವರಲ್ಲ."

"ಅಮ್ಮಾ, ಅಳಿಸಿ ಡಿಸ್ಕಿಂದ ಮತ್ತೆ ಹಾಕ್ತೀನಿ. ಹಳೇದೇ ಬರುತ್ತೆ."

"ಸುಮ್ನಿರು." ಅಮ್ಮ ಪರದೆಗೆ ಬೆನ್ನು ತಿರುಗಿಸಿ ಕಣ್ಣು ಮುಚ್ಚಿದ್ದಳು. "ಕೇಳು."

ಒಂದು ಭಾರದ ಹೆಜ್ಜೆ, ಕೂಡಲೇ ಒಂದು ಹಗುರ ಹೆಜ್ಜೆ, ಆಮೇಲೆ ತುಸು ತಡ. ಮತ್ತೆ ಭಾರ, ಹಗುರ, ತಡ. ಮನೆಯ ಮೆಟ್ಟಿಲ ಮೇಲೆ ಮೂವತ್ತು ವರ್ಷ ಕೇಳಿದ್ದ ಸದ್ದು. ಕಾಲನ್ನು ತಿದ್ದಿದವರು ಸದ್ದನ್ನು ಮುಟ್ಟಿರಲಿಲ್ಲ. ಅವಳಿಗದು ತಿಳಿದೇ ಇರಲಿಲ್ಲ. ಚಿತ್ರದ ತಪ್ಪು ನೋಡುವವರು ಒಂದೇ ಸಂಗೀತ ಕೇಳಿ ಕೇಳಿ ಬೇಸತ್ತು ಸದ್ದು ಬಂದ್ ಮಾಡಿಯೇ ಕೂರುತ್ತಾರೆ.

ಹೆಜ್ಜೆಗೂ ಸದ್ದಿಗೂ ತಾಳೆಯಿಲ್ಲ. ಹಿಡಿದವಳು ಬರೆಯಬೇಕು. ಬೆಳಿಗ್ಗೆ ಆಫೀಸಿನಲ್ಲಿ ಹೊಸ ದೂರು ತೆರೆದಳು. 'ರೈಲು ನಿಲ್ದಾಣ' ಎಂದು ಬರೆದಳು. ಅಷ್ಟನ್ನೂ ಅಳಿಸಿದಳು.

ಆ ಸಂಜೆ ಅಮ್ಮ ಟಿವಿಗೆ ಬೆನ್ನು ಹಾಕಿ ಕೂತಿದ್ದಳು. ಮಗಳೂ ಪಕ್ಕದಲ್ಲಿ ಹಾಗೇ ಕೂತಳು.