ಲಿಯೋಂಗ್ ಅಂಕಲ್ಲರ ಜಾಲರಿ

ನಾನು ಒಂದು ತಂತಿ ಜಾಲರಿ. ನಿಮ್ಮ ಮನೆಯಲ್ಲಿ ಪೂರಿ ಎತ್ತುವ ಜಾಲರಿ ಸೌಟು ಇದೆಯಲ್ಲ, ಅದರ ದೂರದ ನೆಂಟ. ಆದರೆ ನನ್ನದು ಬುಟ್ಟಿಯಂಥ ಆಳವಾದ ಹೊಟ್ಟೆ, ಬಿದಿರಿನ ಹಿಡಿ. ನನ್ನನ್ನು ಹೆಣೆದವನು ಸಿಂಗಪುರದ ಒಂದು ಗಲ್ಲಿಯ ಮುದುಕ. ಹಿತ್ತಾಳೆ ತಂತಿ ಬಗ್ಗಿಸುತ್ತ ಇಡೀ ದಿನ ಯಾರನ್ನೋ ಬೈಯುತ್ತಿದ್ದ. ನನ್ನ ಮೂಗಿನ ತುದಿಯ ಸಿಟ್ಟು ಅವನಿಂದಲೇ ಬಂದಿರಬೇಕು.

ನನ್ನನ್ನು ಕೊಂಡವರು ಲಿಯೋಂಗ್. ಆಗಷ್ಟೇ ಮದುವೆಯಾಗಿತ್ತು. ಒಂದೇ ಸೂರಿನಡಿ ಹತ್ತಾರು ತಿಂಡಿ ಅಂಗಡಿಗಳಿರುವ ಮಾರುಕಟ್ಟೆಯಲ್ಲಿ ಅವರಿಗೊಂದು ಪುಟ್ಟ ಜಾಗ ಸಿಕ್ಕಿತ್ತು. ಮಾಡುತ್ತಿದ್ದದ್ದು ಒಂದೇ ತಿನಿಸು, ವಾಂಟನ್ ನೂಡಲ್ಸ್. ವಾಂಟನ್ ಅಂದರೆ ತೆಳ್ಳನೆಯ ಹಿಟ್ಟಿನ ಹಾಳೆಯೊಳಗೆ ಹಂದಿಮಾಂಸದ ಕೈಮ ಇಟ್ಟು ಮಡಿಚಿದ ಪುಟ್ಟ ಕಡುಬು. ಅದನ್ನು ಮಡಿಚುವುದು ಅವರ ಹೆಂಡತಿ ಮೇಯ್ ಫಾಂಗ್ ಕೆಲಸ. ನೂಡಲ್ಸ್ ಬೇಯಿಸುವುದು ನಮ್ಮಿಬ್ಬರದು, ಲಿಯೋಂಗ್ ಅವರದು ಮತ್ತು ನನ್ನದು.

ಅದೇನು ಮಹಾ ಅನ್ನಬೇಡಿ. ಆ ನೂಡಲ್ಸ್ ಹಿಟ್ಟಿಗೆ ಕ್ಷಾರ ಹಾಕಿರುತ್ತಾರೆ. ಮೊದಲು ಕುದಿಯುವ ನೀರಿನಲ್ಲಿ ಮುಳುಗಿಸಬೇಕು, ಕ್ಷಾರ ಬಿಡಲು ತಕ್ಷಣ ತಣ್ಣೀರಿನಲ್ಲಿ ಜಾಲಾಡಬೇಕು, ಆಮೇಲೆ ಒಂದೇ ಕ್ಷಣ ಮತ್ತೆ ಕುದಿನೀರು. ತಣ್ಣೀರು ತಪ್ಪಿತೋ, ನೂಡಲ್ಸ್ ಮುದ್ದೆಯಾಗುತ್ತದೆ, ಬಾಯಿಗೆ ಸೋಪಿನ ರುಚಿ ಬರುತ್ತದೆ. ಒಮ್ಮೆ ಯಾರೊಡನೆಯೋ ಹರಟುತ್ತ ಅರೆಗಳಿಗೆ ಹೆಚ್ಚು ಬೇಯಿಸಿದ್ದಕ್ಕೆ ಲಿಯೋಂಗ್ ಇಡೀ ಬಟ್ಟಲನ್ನೇ ಚೆಲ್ಲಿಬಿಟ್ಟರು. ಮೇಯ್ ಫಾಂಗ್ ಗೊಣಗಿದಳು. ನಾನು ಮಾತ್ರ ಇಂಥವರ ಕೈಗೆ ಸಿಕ್ಕಿದೆನಲ್ಲ ಎಂದು ಉಬ್ಬಿಹೋದೆ.

ಊಟದ ಹೊತ್ತಿಗೆ ನಮ್ಮ ಮುಂದಿನ ಸಾಲು ಮೀನಿನ ಅಂಗಡಿ ದಾಟಿ ಮೆಟ್ಟಿಲವರೆಗೆ ಹೋಗುತ್ತಿತ್ತು. ಅದರಲ್ಲಿ ಕಿನ್ನಿಗೋಳಿಯ ಫ್ಲೇವಿಯಾ ಒಬ್ಬಳು. ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಜೊತೆಗೆ ಬರುವ ಕುಂದಾಪುರದ ಗೆಳತಿಗೆ ಹೇಳುತ್ತಿದ್ದಳು, "ಎಂಥ ರುಚಿ ಮಾರಾಯ್ತಿ! ನಮ್ಮ ಮಮ್ಮಿ ಮಾಡುವ ಶ್ಯಾವಿಗೆ ಇದರ ಎದುರು ಏನೂ ಅಲ್ಲ. ಮಮ್ಮಿಗೆ ಹೇಳ್ಬೇಡ ಆಯ್ತಾ." ನಾನು ಕನ್ನಡ ಕಲಿತದ್ದು ಅವಳ ಬಾಯಿಂದಲೇ.

ಮೂವತ್ತೆಂಟು ವರ್ಷ ಹೀಗೆ ಕಳೆಯಿತು. ಬಿದಿರಿನ ಹಿಡಿ ನಾಲ್ಕು ಸಲ ಬದಲಾಯಿತು, ಕೈ ಬದಲಾಗಲಿಲ್ಲ. ಒಂದು ಬೆಳಿಗ್ಗೆ ಲಿಯೋಂಗ್ ನನ್ನನ್ನು ಕುದಿನೀರಿಗೆ ಇಳಿಸಿದರು, ಎತ್ತಿದರು, ಮತ್ತೆ ಕುದಿನೀರಿಗೇ ಇಳಿಸಿದರು. ತಣ್ಣೀರಿನ ಪಾತ್ರೆ ಪಕ್ಕದಲ್ಲೇ ಇತ್ತು. ಮರೆತಿರಬೇಕು ಅಂದುಕೊಂಡೆ. ಮರುದಿನವೂ ಮರೆತರು. ಮರೆವಿನ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಮೇಯ್ ಫಾಂಗ್‌ಗೆ ಹೇಳಿದ್ದರಂತೆ.

"ಕೊಡಿ, ಇವತ್ತು ನಾನು ಬೇಯಿಸುತ್ತೇನೆ," ಎಂದು ಅವಳು ಕೈ ಚಾಚಿದಳು.

ಅವರು ನನ್ನನ್ನು ಎದೆಗೆ ಅವಚಿಕೊಂಡರು. "ನನ್ನ ಕೈಗೆ ಏನಾಗಿದೆ? ಇದನ್ನೂ ಕಿತ್ತುಕೊಂಡರೆ ನಾನು ಯಾರು?"

ಅವಳು ಮತ್ತೆಂದೂ ಕೇಳಲಿಲ್ಲ. ಅಂಗಡಿ ಹೋದರೆ ಹೋಗಲಿ, ತಮ್ಮ ಕೈ ಕೆಟ್ಟಿದೆಯೆಂದು ಅವರಿಗೆ ತಿಳಿಯಬಾರದು ಎಂದು ಗಟ್ಟಿ ಮನಸ್ಸು ಮಾಡಿದಳು.

ಸಾಲು ಕರಗಿತು. "ಜನ ಎಲ್ಲಿ?" ಎಂದು ಲಿಯೋಂಗ್ ಕೇಳುವರು. "ಇವತ್ತು ರಜೆಯಲ್ಲವೇ," ಎನ್ನುವಳು ಮೇಯ್ ಫಾಂಗ್. ತಿಂಗಳುಗಟ್ಟಲೆ ರಜೆ ನಡೆಯಿತು. ಫ್ಲೇವಿಯಾ ಒಬ್ಬಳು ಬಿಡದೆ ಬಂದಳು. ಮುದ್ದೆಯಾದ ನೂಡಲ್ಸನ್ನು ತಳ ಕಾಣುವವರೆಗೆ ತಿಂದು, "ಚೆನ್ನಾಗಿದೆ ಅಂಕಲ್," ಎನ್ನುತ್ತಿದ್ದಳು. ಸುಳ್ಳಿ ಎಂದು ಮೊದಮೊದಲು ಸಿಟ್ಟು ಬಂತು. ಅವಳು ಹೊರಟಮೇಲೆ ಅಂಕಲ್ಲರ ಅರಳಿದ ಮುಖ ನೋಡಿದೆ. ಸಿಟ್ಟು ಇಳಿಯಿತು.

ಒಂದು ದಿನ ಮಧ್ಯಾಹ್ನ ಅವಳೊಬ್ಬಳೇ ಗಿರಾಕಿ. ನನ್ನನ್ನು ಮುಂದಿನ ಕೊಕ್ಕೆಗೆ ತೂಗುಹಾಕಿ ಲಿಯೋಂಗ್ ತಾವೇ ಬಟ್ಟಲು ಹಿಡಿದು ಹೋದರು. ಅದು ಯಾರಿಗೆಂಬುದನ್ನು ಮರೆತು, ಅವಳೆದುರು ಕೂತು, ತಾವೇ ಒಂದು ತುತ್ತು ಬಾಯಿಗಿಟ್ಟರು. ಮೇಯ್ ಫಾಂಗ್ ಮಡಿಚುತ್ತಿದ್ದ ಹಿಟ್ಟಿನ ಹಾಳೆ ಕೈಯಲ್ಲಿ ಹಾಗೇ ನಿಂತಿತು. ಲಿಯೋಂಗ್ ಅವರ ನಾಲಿಗೆ ಏನನ್ನೂ ಮರೆತಿರಲಿಲ್ಲ.

"ಇದನ್ನು ಬೇಯಿಸಿದವನು ಯಾರು? ತಣ್ಣೀರು ತೋರಿಸಿಯೇ ಇಲ್ಲ. ನಾಚಿಕೆಗೆಟ್ಟವನು!" ಬಟ್ಟಲನ್ನು ಪಕ್ಕಕ್ಕೆ ಸರಿಸಿ ಫ್ಲೇವಿಯಾಳಿಗೆ ಹೇಳಿದರು, "ತಿನ್ನಬೇಡ ಮಗಳೇ. ನನ್ನ ಅಂಗಡಿಗೆ ಬಾ. ನಾನು ಮಾಡಿಕೊಡುತ್ತೇನೆ."

ಫ್ಲೇವಿಯಾ ತಲೆ ತಗ್ಗಿಸಿದಳು. ಮೇಯ್ ಫಾಂಗ್ ಕೈ ಒರೆಸಿಕೊಂಡು ಅವರ ಪಕ್ಕ ಬಂದು ಕೂತಳು.

"ನಿಜ. ಅವನಿಗೆ ವಯಸ್ಸಾಯಿತು. ನಾಳೆಯಿಂದ ಬರಬೇಡ ಅಂತ ಹೇಳುತ್ತೇನೆ."

"ಹೇಳು," ಎಂದರು ಲಿಯೋಂಗ್. ಆಮೇಲೆ, "ನಾಲ್ಕು ಜನರ ಎದುರು ಹೇಳಬೇಡ. ಪಾಪ, ಅವನಿಗೂ ಮರ್ಯಾದೆ ಇರುತ್ತದೆ," ಎಂದರು.

ಮರುದಿನ ಅಂಗಡಿ ತೆರೆಯಲಿಲ್ಲ. ಪಾತ್ರೆ ಪರಡಿ ಗುಜರಿಗೆ ಹೋಯಿತು. ನನ್ನನ್ನು ಎಸೆಯಲು ಮನಸ್ಸು ಬಾರದೆ ಮೇಯ್ ಫಾಂಗ್ ಫ್ಲೇವಿಯಾಳ ಕೈಗೆ ಕೊಟ್ಟಳು.

ಈಗ ನಾನಿರುವುದು ಕಿನ್ನಿಗೋಳಿಯ ಅಡುಗೆಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯ ಮೇಲೆ. ಕ್ರಿಸ್ಮಸ್ಸಿಗೆ ಕರಿಗಡುಬಿನಂಥ ನೆವ್ರಿ ಕರಿಯುವಾಗ ನನ್ನನ್ನು ಇಳಿಸುತ್ತಾರೆ. ಉಳಿದ ದಿನ ಸುಮ್ಮನೆ ನೇತಾಡುತ್ತೇನೆ, ಲಿಯೋಂಗ್ ನೆನಪಾಗುತ್ತಾರೆ. ಆ ಮಧ್ಯಾಹ್ನ ನನಗೆ ಬಾಯಿ ಇದ್ದಿದ್ದರೆ ಒಂದೇ ಮಾತು ಹೇಳುತ್ತಿದ್ದೆ: ಆ ಅಡುಗೆಯವರನ್ನು ಬೈಯಬೇಡಿ ಅಂಕಲ್, ಅವರಷ್ಟು ಚೆನ್ನಾಗಿ ಬೇಯಿಸಿದವರನ್ನು ನಾನು ಕಂಡಿಲ್ಲ.