ಮಂಗಳಮ್ಮನ ಸೋಮವಾರ

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ದೇವನೂರಿನ ಮಂಗಳಮ್ಮನವರಿಗೆ ಮಂಡಿನೋವು ಕಡಿಮೆಯಾಗಿ, ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂದಿತ್ತು. ಆದರೆ ಈಚೆಗೆ ತಲೆ ಬಾಚಿದರೆ ಹಿಡಿ ಕೂದಲು ಬರುತ್ತಿತ್ತು. ಪಾದಗಳು ಜೋಮು ಹಿಡಿಯುತ್ತಿದ್ದವು.

ಆಪರೇಷನ್ ಆದಮೇಲೆ ಡಾಕ್ಟರು ಬರೆದಿದ್ದ ಮಾತ್ರೆ ಕೊಳ್ಳಲು ಬಂದು ನಂಜನಗೂಡಿನ ಔಷಧಿ ಅಂಗಡಿಯ ಮೆಟ್ಟಿಲಲ್ಲಿ ಅವರು ಮುಗ್ಗರಿಸಿದಾಗ ಫಾರ್ಮಸಿಸ್ಟ್ ಬಿಂದುಶ್ರೀ ಓಡಿಬಂದು ಕೈಹಿಡಿದಳು.

“ಕೂತ್ಕೊಳಿ ಅಮ್ಮ. ಒಂದು ತಿಂಗಳ ಮಾತ್ರೆ ಎರಡು ತಿಂಗಳು ಹೆಂಗೆ ಬಂತು?”

“ಸೋಮವಾರ ಉಪ್ವಾಸ ಕಣವ್ವ. ನಮ್ಮ ಯಜಮಾನ್ರು ತೀರ್ಕಂಡ್ಮೇಲೆ ಗುರುವಾರನೂ ಸೇರಿಸ್ಕಂಡೆ. ಆವತ್ತು ಮಾತ್ರೆ ಇಲ್ಲ. ಮಿಕ್ಕ ದಿನ ಗ್ಯಾನ ಬಂದಾಗ ಎಲ್ಲಾನೂ ಒಂದೇ ಸಲ ಕಾಫೀಲಿ ನುಂಗ್ತೀನಿ.”

“ಅಯ್ಯೋ, ಕಾಫೀಲಾ? ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ತಗೊಂಡ್ರೆ ಮೈಗೆ ಸರಿಯಾಗಿ ಹತ್ತಲ್ಲ. ನಡುವೆ ಎರಡು ಗಂಟೆನಾದ್ರೂ ಬಿಡ್ಬೇಕು. ಕಾಫಿ ಜೊತೆಗೂ ಬೇಡ.”

“ಒಟ್ಟೆ ಕುಯ್ಸಿದ್ದೇ ಕಮ್ಮಿ ತಿನ್ನಕ್ಕಲ್ವಾ? ನಿಂಗೆ ಮಾತ್ರೆ ಮಾರೋ ಚಿಂತೆ!”

“ಮಾರೋದೇ ಆಗಿದ್ರೆ ಕಟ್ಟಿ ಕೊಟ್ಟು ಕಳಿಸ್ತಿದ್ದೆ. ಕೂರಿಸ್ಕೊಂಡು ಬೈಸ್ಕೋತಿದ್ನಾ?” ಬಿಂದುಶ್ರೀ ನಕ್ಕಳು. “ಊಟ ಕಮ್ಮಿ ಆಗಿದೆ, ಮೈಗೆ ಬೇಕಾದ ಸತ್ವ ಕಮ್ಮಿ ಆಗಿಲ್ಲ. ಜೋಮು ಹಿಂಗೇ ಬಿಟ್ರೆ ಮುಂದೆ ನಡೆಯೋದೇ ಕಷ್ಟ ಆಗ್ಬೋದು.”

ಮಂಗಳಮ್ಮನವರ ಕಣ್ಣು ತುಂಬಿತು. ಪತಿ ಶಿವಮಲ್ಲಪ್ಪನವರು ಶಿವೈಕ್ಯರಾಗಿ ಎರಡು ವರ್ಷ. ಮೂವತ್ತು ವರ್ಷ ಇಬ್ಬರೂ ಸೋಮವಾರ ಕಪಿಲೆಯಲ್ಲಿ ಮಿಂದು, ನಂಜುಂಡೇಶ್ವರನಿಗೆ ಕೈಮುಗಿದು, ಸಂಜೆಯವರೆಗೆ ನಿರಾಹಾರ ಇರುತ್ತಿದ್ದರು. ಸಂಜೆ ಊರಿನ ಬಸ್ಸು ಹತ್ತಿದ ಮೇಲೆ ಶಿವಮಲ್ಲಪ್ಪನವರು ಒಂದು ರಸಬಾಳೆ ಸುಲಿದು “ಮೊದ್ಲು ನೀನು” ಎನ್ನುತ್ತಿದ್ದರು.

“ಆ ಉಪ್ವಾಸ ಬಿಟ್ರೆ ಅವ್ರನ್ನೇ ಬಿಟ್ಟಂಗೆ ಕಣವ್ವ.”

ಬಿಂದುಶ್ರೀ ಮೆಲ್ಲಗೆ ಕೇಳಿದಳು: “ಯಜಮಾನರು ಕಾಯಿಲೆ ಮಲಗಿದ್ದಾಗ ಸೋಮವಾರ ಏನು ಮಾಡ್ತಿದ್ರಿ?”

“ಬ್ಯಾಡ ಅಂದ್ರೂ ಬಿಡ್ದೆ ಗಂಜಿ ಕುಡಿಸ್ತಿದ್ದೆ. ಶಿವ ಕ್ವಾಪ ಮಾಡ್ಕಳಲ್ಲ ಅಂತ...” ತಮ್ಮ ಮಾತು ತಮಗೇ ಕೇಳಿಸಿದಂತೆ ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಈಗೇನ್ ಮಾಡ್ಲಿ ಹೇಳವ್ವ” ಎಂದರು.

ಬಿಂದುಶ್ರೀ ಆಪರೇಷನ್ ಮಾಡಿದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದಳು. ಅಂದೇ ರಕ್ತಪರೀಕ್ಷೆ, ಚಿಕಿತ್ಸೆ ಶುರುವಾಯಿತು. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಒಂದೊಂದು ಡಬ್ಬಿಯ ಮೇಲೂ ಬರೆದುಕೊಟ್ಟಳು. ಊಟದ ಕ್ರಮವನ್ನೂ ಹೇಳಿದಳು: ಮೊದಲು ಬೇಳೆ, ಕಾಳು, ಮೊಸರು; ಆಮೇಲೆ ಅನ್ನ. ಸ್ವಲ್ಪಸ್ವಲ್ಪವೇ, ಚೆನ್ನಾಗಿ ಅಗಿದು. ನೀರು ಊಟವಾಗಿ ಅರ್ಧ ಗಂಟೆಯ ಮೇಲೆ.

ಮುಂದಿನ ಸೋಮವಾರ ಪೂಜೆ ಮುಗಿಸಿ ಮಂಗಳಮ್ಮ ಪತಿಯ ಪಟದ ಮುಂದೆ ಹೆಸರುಬೇಳೆಯ ಬಟ್ಟಲು ಹಿಡಿದು ಕುಳಿತರು. “ಉಣ್ತಾ ಇವ್ನಿ ಕಣ್ರೀ,” ಎಂದು ಮೊದಲ ತುತ್ತು ಬಾಯಿಗಿಟ್ಟರು.

ಬಂಧುಗಳೇ, ಈ ಆಪರೇಷನ್ ಆದವರು ನಿಮ್ಮ ಮನೆಯಲ್ಲಿದ್ದಾರೆಯೇ? ಉಪವಾಸ ಹಿಡಿಯುವ ಮೊದಲು, ಮಾತ್ರೆ ಬಿಡುವ ಮೊದಲು ಡಾಕ್ಟರನ್ನು, ಫಾರ್ಮಸಿಸ್ಟರನ್ನು ಕೇಳಿ. ಜೋಮು, ತಲೆಸುತ್ತು, ನಿಲ್ಲದ ವಾಂತಿ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ನಮ್ಮನ್ನು ಅಗಲಿದವರು ನಾವು ಬಳಲುವುದನ್ನು ಎಂದೂ ಬಯಸಿದವರಲ್ಲ.