ವರ್ನಾಳ ಕೈಗೆ ಯಾವ ಕೋವಿ?

ಎರಡು ಗುರುವಾರಗಳಿಂದ ವರ್ನಾ ಟ್ಯಾಕೆಟ್‌ಳ ಮನೆ ಜಗಲಿಗೆ ಯಾರೋ ಬಂದು ಹೋಗುತ್ತಿದ್ದರು. ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದಾಗ ಜಗಲಿಯ ಕುರ್ಚಿ ಜಾಗ ಬದಲಿಸಿರುತ್ತಿತ್ತು. ಬಾಗಿಲ ಹಿಡಿಯ ಮೇಲೆ ಏನೋ ಅಂಟು. ಏನೂ ಕಳುವಾಗಿರಲಿಲ್ಲ. ಅದೇ ಅವಳಿಗೆ ಹೆಚ್ಚು ದಿಗಿಲು: ಕದಿಯದವನು ಮತ್ತೇಕೆ ಬರುತ್ತಾನೆ?

ಗಂಡ ಹಾಲಿಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಮೆರಿಕದ ಆರ್ಕನ್ಸಾ ರಾಜ್ಯದ ಆ ಗುಡ್ಡದ ಮನೆಗೆ ಪೊಲೀಸರು ಬರಲು ನಲವತ್ತು ನಿಮಿಷ ಬೇಕು. ವರ್ನಾಗೆ ಗ್ಯಾಸ್ ತರುವವನ ಮೇಲೆ ಅನುಮಾನ, ಮೀಟರ್ ಓದುವವನ ಮೇಲೆ ಅನುಮಾನ. "ಒಬ್ಬರೇ ಇರ್ತೀರಾ?" ಎಂದು ಕೇಳಿದ ಹೊಸ ಪಾದ್ರಿಯ ಮೇಲೂ ಅನುಮಾನ.

ಮೈದುನ ರಾಯ್ಸ್ ಒಂದು ಪಂಪ್ ಕೋವಿ ತಂದುಕೊಟ್ಟ. ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈಯಿಂದ ಹಿಂದಕ್ಕೆಳೆದು ಮುಂದೆ ತಳ್ಳಿದರೆ ಗುಂಡು ಸೇರಿಕೊಳ್ಳುವ ಕೋವಿ.

"ಬಾಗಿಲ ಹಿಂದೆ ನಿಂತು ಇದನ್ನ ಒಂದ್ಸಲ ಎಳೀರಿ ಸಾಕು ಅತ್ತಿಗೆ. ಖಡಕ್-ಖಡಕ್! ಆ ಸದ್ದಿಗೇ ಕಳ್ಳ ಚಡ್ಡಿ ಒದ್ದೆ ಮಾಡ್ಕೊಂಡು ಓಡ್ತಾನೆ."

"ನೀನೆಷ್ಟು ಕಳ್ಳರನ್ನ ಓಡಿಸಿದ್ದೀಯಪ್ಪ?"

"ಅಯ್ಯೋ, ಅದು ಊರಿಗೇ ಗೊತ್ತಿರೋ ವಿಷಯ!"

ಶಾಲೆಯ ಸೂಪಿನ ಹಂಡೆ ಎತ್ತಿ ಎತ್ತಿ ವರ್ನಾಳ ಎಡಭುಜ ಕೆಟ್ಟುಹೋಗಿತ್ತು. ಹೋದ ವರ್ಷ ಶಸ್ತ್ರಚಿಕಿತ್ಸೆಯೂ ಆಗಿತ್ತು. ಹಿಡಿ ಎಳೆಯಲು ಹೋದರೆ ತೋಳು ಅರ್ಧದಲ್ಲೇ ನಿಲ್ಲುತ್ತಿತ್ತು. ಹಾಲಿಸ್ ಇದ್ದಾಗ ಡಬ್ಬಿಯ ಮುಚ್ಚಳ ತೆಗೆಯಲೂ ಅವನನ್ನೇ ಕರೆಯುತ್ತಿದ್ದಳು. ಈಗ 'ಆಗಲ್ಲ' ಎನ್ನುವುದಕ್ಕೆ ನಾಚಿಕೆ. ಬಾಯಿ ಮುಚ್ಚಿಕೊಂಡು ಕೋವಿಯನ್ನು ಬಾಗಿಲ ಹಿಂದೆ ಒರಗಿಸಿದಳು.

ಗೆಳತಿ ಲೊರೀನ್ ನಿವೃತ್ತ ನರ್ಸ್. ಶನಿವಾರ ಶನಿವಾರ ಹೆಂಗಸರಿಗೆ ಕೋವಿಯ ಸುರಕ್ಷತೆ ಹೇಳಿಕೊಡುತ್ತಾಳೆ. ಕಾಫಿಗೆ ಬಂದವಳ ಕಣ್ಣಿಗೆ ಬಾಗಿಲ ಹಿಂದಿನ ಕೋವಿ ಬಿತ್ತು.

"ನಿನ್ನ ಈ ಭುಜಕ್ಕೆ ಪಂಪಾ? ಸೆಮಿ ಆಟೋಮ್ಯಾಟಿಕ್ ಒಂದು ನೋಡಬಾರದೇನೇ? ಮೊದಲ ಗುಂಡು ತುಂಬಿದ್ರೆ ಮುಂದಿನದು ತಾನೇ ಏರತ್ತೆ."

"ಅದು ದುಬಾರಿ. ಅಂಗಡಿಯವನು ನಿಂಗೆ ಕಮಿಷನ್ ಕೊಡ್ತಾನಾ?"

"ಕೊಡ್ತಾನೆ, ಅದ್ರಲ್ಲೇ ನಾನು ಅರಮನೆ ಕಟ್ಟಿಸ್ತಿರೋದು! ಹೋಗ್ಲಿ, ಒಂದು ಮಾತಾದ್ರೂ ನೆನಪಿಟ್ಕೋ. ಮುಖ ನೋಡದೆ ಟ್ರಿಗರ್ ಮೇಲೆ ಬೆರಳಿಡಬೇಡ."

ಮೂರನೆಯ ಗುರುವಾರ ವರ್ನಾ ರಜೆ ಹಾಕಿ ಮನೆಯಲ್ಲೇ ಕಾದಳು. ಮಧ್ಯಾಹ್ನ ಮೂರಕ್ಕೆ ಜಲ್ಲಿಯ ಮೇಲೆ ಕಾರು ನಿಂತಿತು. ಜಗಲಿಯ ಹಲಗೆ ಕಿರುಗುಟ್ಟಿತು. ಬಾಗಿಲ ಹಿಡಿ ನಿಧಾನವಾಗಿ ತಿರುಗಿತು.

ಅವಳು ಕೋವಿ ಎತ್ತಿ ಅದರ ಹಿಡಿ ಎಳೆದಳು. ಖಡಕ್.

ಯಾರೂ ಓಡಲಿಲ್ಲ. ಬಾಗಿಲ ಹಿಡಿ ಮತ್ತೆ ತಿರುಗಿತು.

"ಯಾರದು?" ಎಂದು ಕಿರುಚಿದಳು. ಉತ್ತರವಿಲ್ಲ. ಬೆರಳು ಟ್ರಿಗರ್ ಕಡೆ ಜಾರುತ್ತಿತ್ತು. ಲೊರೀನಳ ಮಾತು ನೆನಪಾಗಿ ಕೈ ತಡೆಯಿತು. ಗೋಡೆ ಹಿಡಿದು ಸರಿದು, ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಸಿದಳು.

ಹೊರಗೆ ಓಪಲ್ ಪ್ರೂಯಿಟ್, ಎಂಬತ್ತೆರಡರ ನೆರೆಮನೆಯ ಮುದುಕಿ. ಕೂದಲು ಹೊಸದಾಗಿ ಸೆಟ್ ಮಾಡಿಸಿಕೊಂಡು, ಕೂದಲ ಸ್ಪ್ರೇ ಅಂಟಿದ ಕೈಯಿಂದ ಹಿಡಿ ತಿರುಗಿಸುತ್ತ ನಿಂತಿದ್ದಳು.

ವರ್ನಾ ಕೋವಿಯನ್ನು ಕೆಳಗಿಟ್ಟು ಬಾಗಿಲು ತೆರೆದಳು. "ಓಪಲಮ್ಮ! ಕೂಗಿದ್ದು ಕೇಳಿಸ್ಲಿಲ್ವಾ?"

"ಆಂ? ತಡಿ, ಕಿವಿ ಮಿಷಿನ್ ಪರ್ಸಲ್ಲಿದೆ. ಕೂದಲು ಮಾಡಿಸೋವಾಗ ತೆಗ್ದಿಟ್ಟಿದ್ದೆ." ಸಿಕ್ಕಿಸಿಕೊಂಡು ನಕ್ಕಳು. "ನನ್ನ ನೀಲಿ ಪಾತ್ರೆ ಕೊಡೇ ತಾಯಿ. ಮೂರು ವಾರದಿಂದ ಅಲೀತಿದೀನಿ. ಗುರುವಾರ ಕೂದಲು ಮಾಡಿಸ್ಕೊಂಡು ಬರ್ತಾ ಇಲ್ಲೇ ಕುರ್ಚೀಲಿ ಕೂತು ಕಾದು ಹೋಗ್ತಿದ್ದೆ."

ಆ ಕಡೆ ಸಾವಿನ ಮನೆಗೆ ನೆರೆಯವರು ಅಡುಗೆ ಹೊತ್ತು ತರುತ್ತಾರೆ, ಪಾತ್ರೆಯ ತಳಕ್ಕೆ ಹೆಸರಿನ ಪಟ್ಟಿ ಅಂಟಿಸಿರುತ್ತಾರೆ. ಹನ್ನೊಂದು ಪಾತ್ರೆಗಳು ಇನ್ನೂ ಫ್ರೀಜರ್ ಮೇಲೆಯೇ ಇದ್ದವು. ಅವನ್ನು ಹಿಂದಿರುಗಿಸಿದರೆ ಹಾಲಿಸ್ ನಿಜವಾಗಿಯೂ ಹೋದಂತೆ. ಹಾಗಾಗಿ ವರ್ನಾ ಮುಟ್ಟಿರಲಿಲ್ಲ.

ಸುದ್ದಿ ಕೇಳಿ ಲೊರೀನ್ ಬಂದು ಕೋವಿ ತೆರೆದು ನೋಡಿದಳು. ಹಿಡಿ ಪೂರ್ತಿ ಹಿಂದೆ ಬಂದಿರಲಿಲ್ಲ. ಗುಂಡು ಏರದೆ ನಡುವೆಯೇ ಸಿಕ್ಕಿಕೊಂಡಿತ್ತು.

"ನೋಡು, ಸದ್ದಿಗೆ ಯಾರೂ ಓಡ್ಲಿಲ್ಲ, ಗುಂಡೂ ಹಾರ್ತಿರ್ಲಿಲ್ಲ. ಓಪಲ್ ಪುಣ್ಯ. ಕಳ್ಳ ಆಗಿದ್ರೆ?"

 ಶನಿವಾರ ವರ್ನಾ ತಾನಾಗಿಯೇ ತರಗತಿಗೆ ಹೋದಳು. ಲೊರೀನ್ ಎರಡೂ ಬಗೆಯ ಕೋವಿ ಕೈಗೆ ಕೊಟ್ಟಳು. ಹಾರಿಸಿದಾಗ ಸೆಮಿಯ ಒದೆತ ಮೆತ್ತಗಿತ್ತು, ಎಡಗೈಗೆ ಎಳೆಯುವ ಕೆಲಸವಿಲ್ಲ. ಮೊದಲ ಗುಂಡು ಏರಿಸುವ ಗುಬುಟು ಬಲಗೈಗೇ ಸಿಗುತ್ತಿತ್ತು.

"ಇದ್ರಲ್ಲಿ ಮೋಸ ಏನಿದೆ, ಅದನ್ನೂ ಹೇಳು," ಎಂದಳು ವರ್ನಾ.

"ಇದೆ. ಚೊಕ್ಕಟ ಮಾಡ್ದಿದ್ರೆ ಮುನಿಸ್ಕೊಳ್ಳತ್ತೆ. ಕಡಿಮೆ ಮದ್ದಿನ ತೋಟಾ ಹಾಕಿದ್ರೆ ಕೆಲವು ಅರ್ಧಕ್ಕೇ ನಿಲ್ತವೆ. ನೀನು ಇಡೋ ತೋಟಾನೇ ಹಾಕಿ ಹಾರಿಸಿ ನೋಡ್ಬೇಕು. ಪಂಪಿಗೆ ತೋಟಾದ ತಕರಾರು ಕಡಿಮೆ, ಆದ್ರೆ ಗಾಬರೀಲೂ ಪೂರ್ತಿ ಎಳೆಯೋ ತೋಳು ಬೇಕು."

ಭಾನುವಾರ ಊಟಕ್ಕೆ ಬಂದ ರಾಯ್ಸ್, ಅತ್ತಿಗೆ ಸೆಮಿ ಕೊಳ್ಳುವ ವಿಷಯ ಕೇಳಿ ಗೊಣಗಿದ. ವರ್ನಾ ತೋಟಾ ಎಲ್ಲ ತೆಗೆದು, ಎರಡು ಸಲ ನೋಡಿ, ಮದ್ದಿಲ್ಲದ ಪೊಳ್ಳು ತೋಟಾ ತುಂಬಿದ ಪಂಪನ್ನು ಅವನಿಗಿತ್ತಳು. ಅವನ ಎಡ ಮೊಣಕೈಯನ್ನು ಏಪ್ರನ್ನಿನ ದಾರದಿಂದ ಪಕ್ಕೆಗೆ ಕಟ್ಟಿದಳು.

"ಈಗ ಎಳಿಯಪ್ಪ. ಇದು ನನ್ನ ತೋಳು."

ಮೂರು ಸಲವೂ ಸಿಕ್ಕಿಕೊಂಡಿತು. ರಾಯ್ಸ್ ದಾರ ಬಿಚ್ಚಿಕೊಂಡ. ಆಮೇಲೆ, "ಅತ್ತಿಗೆ, ಹೊಸ ಕೋವಿ ಇಡೋಕೆ ಬೀಗದ ಪೆಟ್ಟಿಗೆ ನಾನು ಗೋಡೆಗೆ ಕೂರಿಸಿಕೊಡ್ತೀನಿ," ಎಂದ.

ಓದುತ್ತಿರುವ ಅಕ್ಕ, ತಂಗಿ, ಮನೆಗೆ ಕೋವಿ ತರುವುದಾದರೆ ಬೇರೆಯವರ ಮಾತೊಂದನ್ನೇ ನಂಬಿ ತರಬೇಡಿ. ನಿಮ್ಮ ಕೈಯಲ್ಲೇ ಹಿಡಿದು, ಕಲಿತವರ ಮುಂದೆ ಹಾರಿಸಿ ನೋಡಿ. ಪಂಪೋ ಸೆಮಿಯೋ, ನಿಮ್ಮ ತೋಳು ಹೇಳಲಿ. ಸದ್ದನ್ನು ನಂಬಬೇಡಿ. ಬಾಗಿಲ ಹಿಂದೆ ಒರಗಿಸದೆ ಬೀಗದಲ್ಲಿಡಿ. ಮುಖ ಕಾಣುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ.

ಇನ್ನೊಂದು ಮಾತು. ನೆರೆಯವರ ಪಾತ್ರೆ ನಿಮ್ಮಲ್ಲೇ ಉಳಿದಿದ್ದರೆ ಈ ವಾರ ಹೋಗಿ ಕೊಟ್ಟು ಬನ್ನಿ. ವರ್ನಾ ಹನ್ನೊಂದು ಮನೆಗೂ ಹೋಗಿ ಬಂದಳು. ಈಗ ಅವಳ ಜಗಲಿಯ ಮೇಲೆ ಹೆಜ್ಜೆ ಕೇಳಿದರೆ, ಅದು ಯಾರದೆಂದು ಹೆಚ್ಚಿನ ಸಲ ಅವಳಿಗೆ ಗೊತ್ತಿರುತ್ತದೆ.